ಆಕಾಶಕ್ಕೂ ಮಡಿ

ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರದ ತುದಿಯಲ್ಲಿ, ಕೆನಡಾ ಗಡಿಗೆ ಹತ್ತಿರ, ಈಲಿ ಎಂಬ ಪುಟ್ಟ ಊರಿದೆ. ಅಲ್ಲಿ ಕೆರೆಯಂಚಿಗೆ ಹಗ್ಗ ಬಿಗಿದು ನಿಲ್ಲಿಸಿದ್ದ ಹಳೆಯ ಬೀವರ್ ಸೀಪ್ಲೇನ್ ಒಂದು ಮಾತಿಗೆ ಸಿಕ್ಕಿತು. ಚಕ್ರದ ಜಾಗದಲ್ಲಿ ಎರಡು ತೆಪ್ಪ, ಮೂಗಿನ ಮೇಲೆ ಒಂದು ಫ್ಯಾನು.

ತಮ್ಮ ಉದ್ಯೋಗ?

ಅರಣ್ಯ ಇಲಾಖೆಯ ಚಾಕರಿ. ಕಾಡ್ಗಿಚ್ಚಿಗೆ ನೀರು ಸುರಿಯೋದು, ಕೈಕಾಲು ಮುರಿದುಕೊಂಡವರನ್ನು ಹೊತ್ತು ತರೋದು.

ನಿಮ್ಮ ಕುಲಕ್ಕೆ ಇಲ್ಲಿ ಬಹಿಷ್ಕಾರ ಹಾಕಿದ್ದರಂತೆ?

ಅದೊಂದು ಕಥೆ. ಎರಡನೆಯ ಮಹಾಯುದ್ಧ ಮುಗೀತು, ಹಾರಲು ಕಲಿತ ಹುಡುಗರು ಊರಿಗೆ ಬಂದರು. ಇಲ್ಲಿನ ಕಾಡಿನಲ್ಲಿ ಸಾವಿರಕ್ಕೂ ಹೆಚ್ಚು ಕೆರೆ, ರಸ್ತೆ ಇಲ್ಲ. ದಿನಗಟ್ಟಲೆ ಹುಟ್ಟು ಹಾಕಿ, ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿಯನ್ನು ಹೆಗಲ ಮೇಲೆ ಬೋರಲು ಹೊತ್ತು ತಲುಪುವ ಜಾಗಕ್ಕೆ ನಮ್ಮ ಹಿರಿಯರು ಕಾಫಿ ಆರುವುದರೊಳಗೆ ಮುಟ್ಟಿಸಿದರು. ಹೋಗುವಾಗ ಗಿರಾಕಿ, ಬಿಯರು. ಬರುವಾಗ ಗಿರಾಕಿ, ಮೀನು. ಇದು ಉಪಕಾರವಲ್ಲವೇ?

ದೋಣಿ ಹೊತ್ತು ಬಂದವರು ಏನಂದರು?

ಅವರಿಗೆ ಮೌನ ಬೇಕಂತೆ. ನಾವೂ ಅದನ್ನೇ ಮಾರುತ್ತಿದ್ದೆವು ಸ್ವಾಮಿ! ಏನು ಮಾಡೋಣ, ಗಿರಾಕಿಯನ್ನು ಇಳಿಸುವಷ್ಟರಲ್ಲಿ ಸರಕು ಖಾಲಿ.

ಬಹಿಷ್ಕಾರ ಹಾಕಿದ್ದು ಯಾರು?

ಶುರು ಮಾಡಿದವರಲ್ಲಿ ಸಿಗರ್ಡ್ ಓಲ್ಸನ್ ಒಬ್ಬರು. ಇದೇ ಈಲಿಯ ಕಾಲೇಜಿನ ಮೇಷ್ಟ್ರು. ಕೆಲಸ ಬಿಟ್ಟು ನಮ್ಮ ಬೆನ್ನು ಹತ್ತಿದರು. ಕೊನೆಗೆ 1949ರ ಡಿಸೆಂಬರ್ 17ರಂದು ಅಧ್ಯಕ್ಷ ಟ್ರೂಮನ್ ಈ ಕಾಡಿನ ಮೇಲಿನ ಆಕಾಶಕ್ಕೇ ಬೇಲಿ ಹಾಕಿದರು. 4000 ಅಡಿಗಿಂತ ಕೆಳಗೆ ಹಾರಕೂಡದು. ಅದೂ ಸಮುದ್ರಮಟ್ಟದಿಂದ ಲೆಕ್ಕ. ಕೆರೆಗಳೇ ಸಾವಿರ ಅಡಿಗಿಂತ ಮೇಲಿವೆ. ನಮ್ಮವರಿಗೆ ಸಿಕ್ಕ ರಿಯಾಯಿತಿ ಅದೊಂದೇ.

ಪಾಲಿಸಿದರೇ?

ಕೆಲವರು ಹಾರಿದರು. ಕೋರ್ಟಿನಲ್ಲಿ ಇಳಿಯಬೇಕಾಯಿತು. ಸೋತರು.

(ಇಷ್ಟರಲ್ಲಿ ಕೆರೆಯ ನಡುವಿನಿಂದ ಯಾರೋ ಅತ್ತಂತೆ, ನಕ್ಕಂತೆ ಒಂದು ಕೂಗು.)

ಯಾರದು?

ಲೂನ್ ಹಕ್ಕಿ. ಗಟ್ಟಿ ಮೂಳೆ, ಭಾರದ ಮೈ. ನೀರಿನ ಮೇಲೆ ಉದ್ದಕ್ಕೂ ಓಡಿ, ರೆಕ್ಕೆ ಬಡಿದೂ ಬಡಿದೂ ಏಳಬೇಕು. ಥೇಟ್ ನಮ್ಮ ಹಾಗೇ! ಗೂಡು ಮಾತ್ರ ನೀರಿನ ಅಂಚಿಗೇ ಕಟ್ಟುತ್ತೆ. ನಾವೆಬ್ಬಿಸಿದ ಅಲೆ ಹೊಡೆದರೆ ಮೊಟ್ಟೆ ನೀರುಪಾಲು. ಆದರೂ ನೋಡಿ, ಅದಕ್ಕೆ ಯಾವ ಎತ್ತರದ ಕಟ್ಟಳೆಯೂ ಇಲ್ಲ. ಪಕ್ಷಪಾತ!

ನೀವು ಮಾತ್ರ ಈಗಲೂ ಆ ಕಾಡಿನೊಳಗೆ ಇಳಿಯುತ್ತೀರಲ್ಲ?

ತುರ್ತಿಗೆ ವಿನಾಯಿತಿ ಇದೆ. ಗರ್ಭಗುಡಿಗೆ ಬೆಂಕಿ ಬಿದ್ದರೆ ಕೊಡ ಹಿಡಿದು ಬಂದವನ ಕುಲ ಕೇಳುತ್ತಾರೆಯೇ?

ನಮ್ಮ ಇಂಡಿಯಾ ಕಡೆಗೆ ಬರುವ ಯೋಚನೆ?

ನನಗೆ ವಯಸ್ಸಾಯಿತು. ನಮ್ಮದೇ ಡಿ ಹ್ಯಾವಿಲ್ಯಾಂಡ್ ಕಂಪನಿಯ ಮನೆತನದ ಹುಡುಗ ಬಂದು ಹೋಗಿದ್ದಾನಲ್ಲ. ಹೆಸರು ಟ್ವಿನ್ ಆಟರ್, ಅಂದರೆ ಜೋಡಿ ನೀರುನಾಯಿ. 2024ರ ನವೆಂಬರ್‌ನಲ್ಲಿ ಕೊಚ್ಚಿಯಿಂದ ಹಾರಿ ಮುನ್ನಾರ್ ಬಳಿಯ ಮಾಟ್ಟುಪೆಟ್ಟಿ ಜಲಾಶಯದಲ್ಲಿ ಇಳಿದು ತೋರಿಸಿದ. ಸ್ವಾಗತ ಜೋರಾಗಿತ್ತು. ಅಲ್ಲಿನ ಅರಣ್ಯ ಇಲಾಖೆಯವರು ಮಾತ್ರ ತಕರಾರು ತೆಗೆದರು: ಆ ನೀರನ್ನು ಆನೆಗಳು ದಾಟುತ್ತವಂತೆ.