ಬಳಕೆದಾರರ ಕೈಪಿಡಿ: ಮೈಬಿಸಿಗೆ ಗಟ್ಟಿಯಾಗುವ ಜೆಲ್

ಈ ಸೀಸೆಯೊಳಗಿರುವುದು ಪಿಎಲ್‌ಜಿಎ-ಪಿಇಜಿ-ಪಿಎಲ್‌ಜಿಎ ಪಾಲಿಮರ್ ಕರಗಿಸಿದ ನೀರು. ಹೆಸರಿಗೆ ಹೆದರಬೇಡಿ. ನಡುವೆ ನೀರನ್ನು ಮೆಚ್ಚುವ ಸರಪಳಿ, ಎರಡೂ ತುದಿಗೆ ನೀರೆಂದರೆ ಆಗದ ಬಾಲ, ಅಷ್ಟೇ.

ಇಡುವುದು: ಫ್ರಿಜ್ಜಿನಲ್ಲಿ. ತುಪ್ಪದ ಅನುಭವ ಇಲ್ಲಿ ನಡೆಯದು. ತುಪ್ಪ ಬಿಸಿಗೆ ಕರಗುತ್ತದೆ, ಇದು ಬಿಸಿಗೆ ಹೆಪ್ಪುಗಟ್ಟುತ್ತದೆ. ತಂಪಿನಲ್ಲಿ ನೀರಿನ ಅಣುಗಳು ಬಾಲಗಳನ್ನು ಸುತ್ತುವರಿದು ಅಚ್ಚುಕಟ್ಟಾಗಿ ನಿಂತಿರುತ್ತವೆ. ಬಿಸಿಯೇರಿದರೆ ಅವು ಚದುರುತ್ತವೆ, ಬಾಲಗಳು ಒಂದನ್ನೊಂದು ತಬ್ಬಿಕೊಳ್ಳುತ್ತವೆ. 37 ಡಿಗ್ರಿಯ ಮೈಯೊಳಗೆ ಸಿಗುವುದು ಜೆಲ್.

ಬಳಸುವುದು: ಮೃದ್ವಸ್ಥಿ ಬೆಳೆಸುವ ಜೀವಕೋಶಗಳನ್ನು ತಣ್ಣನೆಯ ದ್ರಾವಣಕ್ಕೆ ಮೆಲ್ಲಗೆ ಬೆರೆಸಿ, ಸಿರಿಂಜಿಗೆ ತುಂಬಿ, ಮೃದ್ವಸ್ಥಿ ಸವೆದ ಮಂಡಿಗೆ ಚುಚ್ಚಿ. (ಅಜ್ಜಿಯ ಮಂಡಿಯಲ್ಲ, ಸದ್ಯಕ್ಕೆ ಪ್ರಯೋಗಾಲಯದ ಮೊಲದ್ದು.) ಚುಚ್ಚಿದ ಮೇಲೆ ಯೋಚಿಸುತ್ತ ನಿಲ್ಲಬೇಡಿ. ಸೂಜಿಯೂ ಬೆಚ್ಚಗಾಗುತ್ತದೆ, ಜೆಲ್ ಅದರೊಳಗೇ ಕಟ್ಟಿಕೊಳ್ಳುತ್ತದೆ. ಈ ಬಗ್ಗೆ ದೂರು ಸ್ವೀಕರಿಸುವುದಿಲ್ಲ.

ಬೇರೆ ಮಾದರಿಗಳು: 32 ಡಿಗ್ರಿಯ ಆಸುಪಾಸಿನಲ್ಲಿ ನೀರಿನ ಬಗ್ಗೆ ಮನಸ್ಸು ಬದಲಿಸುವ ಪಾಲಿಮರ್ ಪಿಎನ್‌ಐಪಿಎಎಂ ಹೆಚ್ಚು ಹೆಸರುವಾಸಿ. ಟೋಕಿಯೊ ಮಹಿಳಾ ವೈದ್ಯಕೀಯ ವಿಶ್ವವಿದ್ಯಾಲಯದ ತೆರುವೊ ಒಕಾನೊ ತಂಡ ಅದನ್ನು ತಟ್ಟೆಗೆ ಲೇಪಿಸಿ, ಅದರ ಮೇಲೆ ಕೋಶಗಳ ಹಾಳೆ ಬೆಳೆಸಿ, ತಟ್ಟೆ ತಣಿಸಿ ಹಾಳೆಯನ್ನು ಇಡಿಯಾಗಿ ಬಿಡಿಸಿಕೊಂಡಿತು. ಸೊಗಸಾದ ಉಪಾಯ. ಆದರೆ ಆ ಪಾಲಿಮರ್ ದೇಹದೊಳಗೆ ಒಡೆದು ಹೋಗುವ ಜಾತಿಯದಲ್ಲ, ತಟ್ಟೆಯಲ್ಲೇ ಇರಲಿ.

ಕಾಯುವುದು: ಕಷ್ಟವಿರುವುದು ಇಲ್ಲೇ. ನಮ್ಮ ಜೆಲ್ ನಿಧಾನವಾಗಿ ಒಡೆದು ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲವಾಗುತ್ತದೆ. ಶಸ್ತ್ರಚಿಕಿತ್ಸೆಯ ಕರಗುವ ದಾರವೂ ಇದೇ ವಂಶದ್ದು. ಬೇಗ ಕರಗಿದರೆ ಕೋಶಗಳು ಬೀದಿಪಾಲು. ತಡವಾದರೆ ಹೊಸ ಅಂಗಾಂಶಕ್ಕೆ ಜಾಗವಿಲ್ಲ. ಒಮ್ಮೆಲೇ ಕರಗಿದರೆ ಆಮ್ಲ ತುಂಬಿಕೊಂಡು, ಸಾಕಲು ತಂದ ಕೋಶಗಳನ್ನೇ ಕೊಲ್ಲುತ್ತದೆ. ಬಾಲಗಳಲ್ಲಿ ಲ್ಯಾಕ್ಟಿಕ್ ಆಮ್ಲವಾಗುವ ಲ್ಯಾಕ್ಟೈಡ್ ಪಾಲು ಹೆಚ್ಚಿಸಿದರೆ ಕರಗುವುದು ಸಾಮಾನ್ಯವಾಗಿ ನಿಧಾನ. ಎಷ್ಟು ನಿಧಾನ ಬೇಕೆಂಬುದನ್ನು ಅಂಗಾಂಶವನ್ನೇ ಕೇಳಿ, ಅದು ಉತ್ತರಿಸುವವರೆಗೆ ಅನುದಾನ ಉಳಿದಿದ್ದರೆ.

ಎಚ್ಚರಿಕೆ: ಧಾರಾಳವಾಗಿ ಸುರಿಯಬೇಡಿ. ರಕ್ತನಾಳದಿಂದ 100–200 ಮೈಕ್ರೋಮೀಟರ್ ದಾಟಿದರೆ ಬಹುತೇಕ ಕೋಶಗಳಿಗೆ ಉಸಿರು ಕಟ್ಟುತ್ತದೆ. ಮೃದ್ವಸ್ಥಿಯ ಕೋಶಗಳು ರಕ್ತನಾಳವೇ ಇಲ್ಲದೆ ಬಾಳಿ ರೂಢಿಯಾದವು, ಅದಕ್ಕೇ ಮಂಡಿಯಿಂದ ಆರಂಭಿಸಲು ಹೇಳಿದ್ದು. ಯಕೃತ್ತಿನ ಕೋಶ ಹಿಡಿದು ಬಂದವರು ಬೇರೆ ಕೈಪಿಡಿ ಓದಿ, ಇನ್ನೂ ಅಚ್ಚಾಗಿಲ್ಲ.

ವಾರಂಟಿ: ತಿಂಗಳುಗಳ ನಂತರ ತೆರೆದು ನೋಡಿದಾಗ ಜೆಲ್ ಕಂಡರೆ ದೂರು ಕೊಡಬಹುದು. ಜೆಲ್ ಕಾಣದೆ ಮೃದ್ವಸ್ಥಿ ಕಂಡರೆ ಪ್ರಬಂಧ ಬರೆಯಿರಿ. ಎರಡೂ ಕಾಣದಿದ್ದರೆ ಹಣ ವಾಪಸಿಲ್ಲ.