ಪಿಸ್ತೂಲೂ ಉದರಯಾನವೂ

ಮನುಷ್ಯನು ನೆಟ್ಟಗೆ ನಿಂತಿರುವ ತನಕ ಅವನ ದೇಹಕ್ಕೆ ಮುಂದು, ಹಿಂದು, ಎಡ, ಬಲ ಎಂಬ ನಾಲ್ಕು ದಿಕ್ಕುಗಳಿರುತ್ತವೆ. ಅವನು ನೆಲಕ್ಕೆ ಹೊಟ್ಟೆಯನ್ನು ಹಚ್ಚಿ ತೆವಳತೊಡಗಿದೊಡನೆಯೇ ಆ ಭೂಗೋಳವೆಲ್ಲ ಅಳಿಸಿಹೋಗಿ, ಕೆಸರಿಗೆ ತಾಗುವ ಭಾಗ, ತಾಗದ ಭಾಗ ಎಂಬ ಎರಡೇ ಖಂಡಗಳು ಉಳಿಯುತ್ತವೆ. ಪಿಸ್ತೂಲಿನ ಹೋಲ್‌ಸ್ಟರುಗಳನ್ನು ಮಾಡಿ ಮಾರುವ ಮಹಾನುಭಾವರು ಈ ಸತ್ಯವನ್ನು ಬಲ್ಲರೋ ಇಲ್ಲವೋ, ಅವರ ಗಿರಾಕಿಗಳಂತೂ ಬಲ್ಲವರಲ್ಲ. ಏಕೆಂದರೆ ಹೋಲ್‌ಸ್ಟರನ್ನು ಕೊಳ್ಳುವವನು ಕನ್ನಡಿಯ ಮುಂದೆ ನಿಂತು ಕೊಳ್ಳುತ್ತಾನೆಯೇ ಹೊರತು ಅಂಗಡಿಯ ನೆಲದ ಮೇಲೆ ಬೋರಲು ಮಲಗಿ ಕೊಳ್ಳುವುದಿಲ್ಲ.

ಸೀಮೆಸುಣ್ಣಕ್ಕಿಂತ ಘೋರವಾದ ಆಯುಧವನ್ನು ಎಂದೂ ಹಿಡಿಯದ ಶಾಲಾಮಾಸ್ತರನಿಗೆ ಈ ಶಾಸ್ತ್ರದಲ್ಲಿ ಅಧಿಕಾರವೆಲ್ಲಿಯದು ಎಂದು ಓದುಗರು ಕೇಳಬಹುದು. ನಾನು ವಾಸಿಸುವುದು ಕೊಡಗಿನ ಬಾಳೆಲೆಯಲ್ಲಿ ಎಂಬುದೇ ಅದಕ್ಕೆ ಸಾಕಾದ ಉತ್ತರ. ಕೊಡವರನ್ನು ನಿರಾಯುಧೀಕರಣದ ಶಾಸನದಿಂದ ಹೊರಗಿಟ್ಟು ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ನನು ಪ್ರಕಟಣೆ ಹೊರಡಿಸಿದ್ದು 1861ರಲ್ಲಿ; 1959ರ ಆಯುಧ ಶಾಸನದ ಕಾಲದಲ್ಲಿಯೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಮುಂದುವರಿದು, ಈಗ 2029ರವರೆಗೆ ವಿಸ್ತರಿಸಲ್ಪಟ್ಟಿದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ವರ್ತಮಾನ ಮುಟ್ಟಿಸುವ ಸಂಪ್ರದಾಯವುಳ್ಳ ಈ ಸೀಮೆಯಲ್ಲಿ, ಬಂದೂಕಿನ ವಿಷಯವಾಗಿ ಅಭಿಪ್ರಾಯವೇ ಇಲ್ಲದವನೆಂದರೆ ಜನ ಅವನ ಆರೋಗ್ಯವನ್ನು ವಿಚಾರಿಸುತ್ತಾರೆ.

ಸೆಪ್ಟೆಂಬರ್ 3ರ ಕೈಲ್‌ಪೊಳ್ದು ಹಬ್ಬದಂದು, ಕೋವಿಗಳಿಗೆ ತೋಕ್ ಪೂ ಎಂಬ ಹೂವನ್ನು ಮುಡಿಸಿ ಪೂಜೆ ಮುಗಿದು, ಕಡಂಬುಟ್ಟು ಪಂದಿಕರಿಗಳ ಭಾರದಿಂದ ಸಭೆ ಮಂದಗತಿಗಿಳಿದಿದ್ದ ಹೊತ್ತಿನಲ್ಲಿ, ನೆರೆಮನೆಯ ನಿವೃತ್ತ ಸುಬೇದಾರರ ಜಗಲಿಯ ಐಮರದ ಹಲಗೆಯ ಮೇಲೆ ಅವರ ತಂಗಿಯ ಮಗನು ಮೂರು ಹೋಲ್‌ಸ್ಟರುಗಳನ್ನು ಹರವಿದನು. ಸೈನ್ಯಕ್ಕೆ ಹೊಸದಾಗಿ ಸೇರಿದ ಈ ತರುಣ ಅಧಿಕಾರಿ ಬೆಂಗಳೂರಿನಿಂದ ಬರುತ್ತ ತೊಡೆಗೆ ಬಿಗಿಯುವುದೊಂದನ್ನೂ, ಕಂಕುಳಲ್ಲಿ ತೂಗುವುದೊಂದನ್ನೂ, ಸೊಂಟಪಟ್ಟಿಗೆ ಕೂಡಿಸುವ ಮುಚ್ಚಳದ್ದೊಂದನ್ನೂ ತಂದಿದ್ದನು. ಮೊದಲನೆಯದೇ ಅವನಿಗೆ ಪ್ರಿಯವೆಂಬುದು ಅದನ್ನು ಅವನು ಇರಿಸಿದ ರೀತಿಯಿಂದಲೇ ತಿಳಿಯುತ್ತಿತ್ತು.

“ಯಾವುದು ಒಳ್ಳೆಯದು, ಮಾವ?”

“ತೆವಳಿ ನೋಡಬೇಕು,” ಎಂದರು ಸುಬೇದಾರರು.

ಆಯುಧವು ಆಟದ ವಸ್ತುವಲ್ಲವಾದ್ದರಿಂದ ಪಿಸ್ತೂಲಿನ ಅಳತೆಗೆ ಒಂದು ಮರದ ತುಂಡನ್ನು ಕೆತ್ತಿಸಲಾಯಿತು. ತೆವಳುವವನಾಗಿ ನನ್ನನ್ನು ಆರಿಸಿದ್ದು ಮಾತ್ರ ನನಗೆ ನ್ಯಾಯವೆಂದು ತೋರಲಿಲ್ಲ. ಅದಕ್ಕೆ ಸುಬೇದಾರರು ಕೊಟ್ಟ ಕಾರಣ ತರ್ಕಶುದ್ಧವಾಗಿತ್ತು: “ಇವನಿಗೆ ಅಭ್ಯಾಸವುಂಟು, ಎಂಥದ್ದನ್ನಾದರೂ ಒಗ್ಗಿಸಿಕೊಳ್ಳುತ್ತಾನೆ. ಪರೀಕ್ಷೆಗೆ ಅಭ್ಯಾಸವಿಲ್ಲದ ಹೊಟ್ಟೆ ಬೇಕು, ಮೇಷ್ಟ್ರೇ.”

ಲಕ್ಷ್ಮಣತೀರ್ಥದ ಈ ದಂಡೆಯಲ್ಲಿ ಮಳೆಗಾಲದ ರೊಬಸ್ಟಾ ಕಾಫಿ ತೋಟವೆಂದರೆ ಕೆಳಕ್ಕೆ ಬಾಗಿದ ರೆಕ್ಕೆಗೊಂಬೆಗಳು, ಕೊಳೆತ ತರಗೆಲೆ, ನೆಲದ ಮೇಲೆ ಹರಿದ ಕರಿಮೆಣಸಿನ ಬಳ್ಳಿ, ಮತ್ತು ಅತಿಥಿಸತ್ಕಾರಕ್ಕೆ ಸದಾ ಸನ್ನದ್ಧವಾದ ಜಿಗಣೆಗಳು. ಮೊಣಕೈ ಮೊಣಕಾಲುಗಳಿಂದ ದೇಹವನ್ನು ಮುಂದಕ್ಕೆ ಎಳೆದುಕೊಳ್ಳುವ ಈ ಗತಿಗೆ ಸೈನ್ಯದಲ್ಲಿ ‘ಲೆಪರ್ಡ್ ಕ್ರಾಲ್’ ಎಂದು ಹೆಸರಂತೆ; ಪಕ್ಕದ ನಾಗರಹೊಳೆಯ ಚಿರತೆಗಳು ನನ್ನನ್ನು ಆ ಸ್ಥಿತಿಯಲ್ಲಿ ಕಂಡಿದ್ದರೆ ಮಾನನಷ್ಟದ ದಾವೆ ಹೂಡುತ್ತಿದ್ದವು. ತೊಡೆಯ ಹೋಲ್‌ಸ್ಟರು ಕೆಲವೇ ಮಾರು ದೂರದೊಳಗೆ ಬಳ್ಳಿಯೊಂದನ್ನು ಅಪ್ಪಿಕೊಂಡು, ಬಿಡಿಸಿದರೆ ಇನ್ನೊಂದನ್ನು ಅಪ್ಪಿ, ಕೊನೆಗೆ ತನ್ನ ತೆರೆದ ಬಾಯಿಯ ತುಂಬ ಗೊಬ್ಬರದ ಮಣ್ಣನ್ನು ತುಂಬಿಕೊಂಡು ಬಂದಿತು. ಇದು ಹೊಸ ಶೋಧವೇನೂ ಅಲ್ಲವೆಂದು ಸುಬೇದಾರರು ಸಮಾಧಾನ ಹೇಳಿದರು. ಹಿಂದೆ ಬ್ರಿಟಿಷರ ಟ್ಯಾಂಕ್ ದಳದವರಿಗೂ ಉದ್ದನೆಯ ಪಟ್ಟಿಯಿಂದ ತೊಡೆಯವರೆಗೆ ಇಳಿಬಿಟ್ಟ ಹೋಲ್‌ಸ್ಟರನ್ನು ಕೊಟ್ಟು, ಅದು ಟ್ಯಾಂಕಿನೊಳಗೆ ಸಿಕ್ಕಸಿಕ್ಕಲ್ಲಿ ತೊಡರುತ್ತದೆಂದು ಕಂಡಮೇಲೆ ಸೊಂಟಕ್ಕೆ ಏರಿಸಿದರಂತೆ. ಕಂಕುಳಿನದು ಬಳ್ಳಿಗೆ ಸಿಕ್ಕಲಿಲ್ಲ, ನಿಜ. ಆದರೆ ಮೊಣಕೈ ಮುಂದಕ್ಕೆ ಹೋದಾಗಲೆಲ್ಲ ಅದರ ಹಿಡಿ ನನ್ನ ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಿತು.

ಇಷ್ಟರಲ್ಲಿ ಅಳಿಯನಿಗೆ ಪೂರ್ವಜರ ಸ್ಮರಣೆಯಾಯಿತು. ಕುಪ್ಯವೆಂಬ ನಿಲುವಂಗಿಯ ಮೇಲೆ ಚೇಲೆಯೆಂಬ ನಡುಕಟ್ಟನ್ನು ಕಟ್ಟಿ ಪೀಚೆಕತ್ತಿಯನ್ನು ಮುಂದೆ ಸಿಕ್ಕಿಸುವ ಕೊಡವರು, ಅಗಲವಾದ ಬಾಗಿದ ಒಡಿಕತ್ತಿಯನ್ನು ಮಾತ್ರ ಒರೆಯಿಲ್ಲದೆ ಬೆನ್ನ ಹಿಂದಿನ ತೊಡಂಗೆಂಬ ಹಿತ್ತಾಳೆಯ ಕೊಂಡಿಯಲ್ಲಿ ಧರಿಸುತ್ತಿದ್ದರಷ್ಟೆ. ತೆವಳುವವನಿಗೆ ಬೆನ್ನೊಂದೇ ಶುಚಿಯಾದ ಪ್ರದೇಶವಾದ್ದರಿಂದ ಪಿಸ್ತೂಲಿಗೂ ಅದೇ ಸ್ಥಾನವೇಕಾಗಬಾರದು? ವಾದ ನನಗೆ ಬಹಳ ರುಚಿಸಿತು. ಬೆಳ್ಳಿಯ ಕುಸುರಿಯ ಪೀಚೆಕತ್ತಿ ಮುಂದಿದ್ದರೆ ಬಾಧಕವಿಲ್ಲ, ಏಕೆಂದರೆ ಅದನ್ನು ಧರಿಸುವ ಮದುಮಗನಿಗೆ ತೆವಳುವ ಪ್ರಸಂಗ ಒದಗುವುದು ಮದುವೆಯಾದ ಅನಂತರ; ಕಾಡು ಸವರುವ ಒಡಿಕತ್ತಿಯಾದರೋ ಕೆಲಸದ ಆಯುಧ, ಅದು ಹಿಂದಿರುವುದೇ ವಿವೇಕ.

ಸುಬೇದಾರರು ಒಪ್ಪಲಿಲ್ಲ. “ಒಡಿಕತ್ತಿಗೆ ಕೆಸರು ಹೊಗಲು ನಳಿಗೆ ಇಲ್ಲ, ತಾನಾಗಿ ಎಳೆದುಹೋಗಲು ಕುದುರೆಯಿಲ್ಲ. ಪಿಸ್ತೂಲನ್ನು ಬೆನ್ನಿಂದ ಸೆಳೆಯುವವನು ಅದರ ಬಾಯನ್ನು ಮೊದಲು ತನ್ನ ಪೃಷ್ಠಕ್ಕೇ ತೋರಿಸುತ್ತಾನೆ. ಮತ್ತೆ, ಚರಂಡಿಗೆ ಉರುಳಿ ಅಂಗಾತ ಬಿದ್ದರೆ ಆ ಕಬ್ಬಿಣದ ಮೇಲೆ ಬೀಳುವುದು ಬೆನ್ನುಮೂಳೆ.”

ಉಳಿದದ್ದು ಮುಚ್ಚಳದ ಹೋಲ್‌ಸ್ಟರು. ಮೂರರಲ್ಲಿ ಅತ್ಯಂತ ಕುರೂಪಿ. ಅದನ್ನು ಗಡಿಯಾರದ ಲೆಕ್ಕದಲ್ಲಿ ನಾಲ್ಕು ಗಂಟೆಯ ಜಾಗದಲ್ಲಿ, ಎಂದರೆ ಬಲಸೊಂಟದ ಮೂಳೆಗಿಂತ ತುಸು ಹಿಂದೆ, ಪಟ್ಟಿಗೆ ಒತ್ತಿ ಎತ್ತರದಲ್ಲಿ ಕೂರಿಸಿದಾಗ ದೇಹವು ಮಗ್ಗುಲಿಗೆ ಹೊರಳಿದರೂ ನೆಲ ಅದನ್ನು ಮುಟ್ಟಲಿಲ್ಲ. ಹಿಡಿಯ ಬಳೆಗೆ ಒಂದು ಹುರಿಯಿರಬೇಕು, ಪಿಸ್ತೂಲು ಜಾರಿದರೂ ಕಳೆಯಬಾರದು, ಆದರೆ ಹುರಿಯ ಸಡಿಲವನ್ನು ಒಳಗೆ ಸೇರಿಸಿರಬೇಕು. ಬುಡ ಮುಚ್ಚಿದ್ದು, ನೀರಿಳಿಯಲು ಒಂದು ರಂಧ್ರವಿರಬೇಕು. ಸೊಂಟಪಟ್ಟಿ ಬಾಗದಷ್ಟು ಗಡುಸಾಗಿರಬೇಕು. 1858ರ ಯುದ್ಧದಲ್ಲಿ ಎಡಗೈಯನ್ನು ಕಳೆದುಕೊಂಡ ಬ್ರಿಟಿಷ್ ಸೇನಾಧಿಕಾರಿ ಸ್ಯಾಮ್ ಬ್ರೌನನು, ಒರೆಯನ್ನು ಹಿಡಿದುಕೊಳ್ಳಲು ಕೈಯಿಲ್ಲದ್ದರಿಂದ, ಹೆಗಲ ಮೇಲಿಂದ ಹಾಯುವ ಪಟ್ಟಿಯನ್ನು ಕಲ್ಪಿಸಿದನಲ್ಲವೆ. ಆಯುಧ ಅಲುಗಾಡದಿರಬೇಕೆಂಬ ಚಿಂತೆ ಅಲ್ಲಿಂದಲೂ ಹಳೆಯದು.

“ಮುಚ್ಚಳ ಬಿಚ್ಚುವಷ್ಟರಲ್ಲಿ ಶತ್ರು ಬಂದುಬಿಟ್ಟರೆ, ಮಾವ?”

“ಮಣ್ಣು ತುಂಬಿದ ಪಿಸ್ತೂಲನ್ನು ಅರೆನಿಮಿಷ ಮುಂಚಿತವಾಗಿ ತೆಗೆದು ಅವನಿಗೇನು ಪ್ರದರ್ಶನ ಮಾಡುತ್ತೀಯಾ? ನಳಿಗೆ ಕಟ್ಟಿಕೊಂಡಿದ್ದರೆ ಸಿಡಿದು ನಿನ್ನ ಕೈಯೇ ಹೋದೀತು.”

ಯಾವ ಪದಾರ್ಥದ್ದಿರಬೇಕೆಂಬ ಚರ್ಚೆ ಮಾತ್ರ ಕತ್ತಲೆಯಾದರೂ ಮುಗಿಯಲಿಲ್ಲ. ಚರ್ಮವನ್ನು ನಾನೇ ವಿರೋಧಿಸಿದೆನು. ಆಷಾಢದಲ್ಲಿ ಕಪಾಟಿನೊಳಗಿಟ್ಟ ನನ್ನ ಪಾದರಕ್ಷೆಗಳು ಶ್ರಾವಣಕ್ಕೆ ಹಸಿರು ಶಾಲು ಹೊದ್ದು ಹೊರಬರುವ ಈ ಊರಿನಲ್ಲಿ ಚರ್ಮದ ಒರೆಯೊಳಗೆ ಉಕ್ಕನ್ನಿರಿಸುವುದು ತುಕ್ಕಿನ ಬೇಸಾಯವೇ ಸರಿ. ಸುಬೇದಾರರು ಕ್ಯಾನ್ವಾಸಿನ ಪಕ್ಷಪಾತಿಗಳು. 1937ರ ಮಾದರಿಯ ಕ್ಯಾನ್ವಾಸಿನ ಸರಂಜಾಮು, ಒಳಗೆ ನಳಿಗೆ ಶುಚಿಮಾಡುವ ಕಡ್ಡಿಗೂ ಜಾಗವಿದ್ದ ಆ ಪಿಸ್ತೂಲಿನ ಚೀಲ, ಅವರ ಮಾತಿನಲ್ಲಿ ಕೃತಯುಗದ ಸೃಷ್ಟಿಯಾಗಿತ್ತು. ಅದು ನೀರು ಕುಡಿದರೆ ಕಕ್ಕಲು ವಾರ ಬೇಕೆಂಬುದನ್ನು ಅವರು ಹೇಳಲಿಲ್ಲ. ಅಳಿಯನು ಅಚ್ಚಿನ ಪ್ಲಾಸ್ಟಿಕ್ಕನ್ನು ಹಿಡಿದನು. ಅದು ಕೊಳೆಯದು, ನೆನೆಯದು, ತೊಳೆದರೆ ಸಾಕು. ಆದರೆ ಕೊಂಬೆ ತಗುಲಿದಾಗೆಲ್ಲ ‘ಟಕ್’ ಎಂದು ಸದ್ದು ಮಾಡಿ, ಇಷ್ಟು ಹೊತ್ತು ತೆವಳಿದ ಪುಣ್ಯವನ್ನೆಲ್ಲ ಒಂದೇ ಕ್ಷಣದಲ್ಲಿ ವ್ಯಯಮಾಡುತ್ತದೆ.

ಮುಚ್ಚಳದ್ದು ಅಳಿಯನ ಸಂಗಡ ಹೋಯಿತು. ತೊಡೆಯದರಲ್ಲಿ ಈಗ ಸುಬೇದಾರರ ತೋಟದ ಮೇಸ್ತ್ರಿ ಚಿಗುರು ತೆಗೆಯುವ ಕತ್ತರಿಯನ್ನಿಟ್ಟುಕೊಂಡು, ನಿಂತೇ ಮಾಡುವ ಕೆಲಸವಾದ್ದರಿಂದ, ಬಹಳ ಗಂಭೀರವಾಗಿ ಓಡಾಡುತ್ತಿದ್ದಾನೆ. ಕಂಕುಳಿನದು ಪಕ್ಕೆಲುಬುಗಳ ಪರಿಹಾರಾರ್ಥವಾಗಿ ನನಗೆ ದೊರೆಯಿತು. ಅದರಲ್ಲಿ ನನ್ನ ಕನ್ನಡಕ ಹೇಳಿ ಮಾಡಿಸಿದಂತೆ ಕೂರುತ್ತದೆ. ತರಗತಿಯಲ್ಲಿ ನಾನು ಅದಕ್ಕಾಗಿ ಕೋಟಿನೊಳಗೆ ಕೈಹಾಕಿದರೆ ಸಾಕು, ಹಿಂದಿನ ಬೆಂಚಿನವರು ಕೇಳದೆಯೇ ಮನೆಗೆಲಸದ ಪುಸ್ತಕಗಳನ್ನು ಹೊರಕ್ಕೆ ತೆಗೆಯುತ್ತಾರೆ.