ಸೆಲೆಕ್ಷನ್ ಚಿಕ್ಕಪ್ಪ

ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲಿ ಆಯ್ಕೆ ಟ್ರಯಲ್ಸ್ ಇರುವ ದಿನ ಬೆಳಿಗ್ಗೆ ಏಳೂವರೆಗೆ ಗೇಟಿನ ಹತ್ತಿರ ನಿಂತು ನೋಡಿ. ಮೊದಲು ಒಳಗೆ ಬರುವುದು ಒಂದು ಫೈಲು. ಪ್ಲಾಸ್ಟಿಕ್ಕಿನದು, ಗುಂಡಿ ಒತ್ತಿ ಮುಚ್ಚುವಂಥದ್ದು, ಒಳಗೆ ಎಲ್ಲಕ್ಕಿಂತ ಮೇಲೆ ಊರ ದೇವರ ಫೋಟೋ. ಫೈಲಿನ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಚಿಕ್ಕಪ್ಪ. ಚಿಕ್ಕಪ್ಪನ ಹಿಂದೆ ಹತ್ತು ಹೆಜ್ಜೆ ಬಿಟ್ಟು, ಬಾಯಲ್ಲಿ ಬನ್ನು, ಕೈಯಲ್ಲಿ ಶೂ, ಆಡಬೇಕಾದ ಹುಡುಗ.

ನಾನು ಕಬಡ್ಡಿ ಪಂದ್ಯಗಳಿಗೆ ಸ್ಕೋರ್ ಬರೆಯುವವನು. ರೈಡರ್ ಮುಟ್ಟಿ ಬಂದರೆ ಅಂಕಿಯ ಮೇಲೆ ಒಂದು ಗೆರೆ ಎಳೆಯುವುದು, ಅಷ್ಟೇ ಕೆಲಸ. ಹೊರಗಿನಿಂದ ಬರುವ ಕೋಚುಗಳು ಕೂರುವುದು ನನ್ನ ಟೇಬಲ್ಲಿನ ಹಿಂದೆ. ಅವರನ್ನು ಹುಡುಕಿಕೊಂಡು ಬರುವವರೂ ನನ್ನ ಹೆಗಲ ಮೇಲಿನಿಂದಲೇ ಬಗ್ಗುತ್ತಾರೆ. ಹೀಗಾಗಿ ಅಂಕಣದ ಒಳಗಿನ ಆಟಕ್ಕಿಂತ ಹೊರಗಿನ ಆಟವನ್ನೇ ನಾನು ಹೆಚ್ಚು ನೋಡಿದ್ದೇನೆ.

ಚಿಕ್ಕಪ್ಪನೇ ಏಕೆ, ಅಪ್ಪ ಏಕಲ್ಲ ಎಂದು ಕೇಳಬಹುದು. ಅಪ್ಪನಿಗೆ ಹೊಲ ಇದೆ, ಹಸು ಇದೆ, ಡೇರಿಗೆ ಹಾಲು ಹಾಕುವ ಹೊತ್ತಿದೆ. ಅಪ್ಪ ಬಂದರೂ ತಂತಿಬೇಲಿಯ ಆಚೆ ನಿಂತು, ಮಗ ಔಟಾದರೆ ಬೀಡಿ ಹಚ್ಚಿ ಹೊರಟುಬಿಡುತ್ತಾನೆ. ಚಿಕ್ಕಪ್ಪನಿಗೆ ಬೈಕ್ ಇದೆ, ಬಿಡುವಿದೆ, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಮಂಡಿ ಇದೆ. ‘ನಾನೂ ಸ್ಟೇಟ್ ಆಡ್ಬೇಕಿತ್ತು ಸಾರ್, ಮಂಡಿ ಹೋಯ್ತು.’ ಇಷ್ಟು ವರ್ಷದಲ್ಲಿ ನಾನು ಕಂಡ ಒಬ್ಬ ಚಿಕ್ಕಪ್ಪನ ಮಂಡಿಯೂ ಸರಿಯಾಗಿರಲಿಲ್ಲ.

ಜಾತಿ ಒಂದೇ ಆದರೂ ತಾಲ್ಲೂಕಿಗೊಂದು ತಳಿ. ಅರಕಲಗೂಡಿನ ಚಿಕ್ಕಪ್ಪ ಹೊಗೆಸೊಪ್ಪಿನ ಲೆಕ್ಕದವನು. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಬೇಲು ಇಟ್ಟುಕೊಂಡು ಖರೀದಿದಾರನ ಮುಖ ನೋಡುತ್ತಾ ನಿಂತು ಅಭ್ಯಾಸ. ಹುಡುಗನ ರಟ್ಟೆ ಹಿಡಿದು ಬೆಳಕಿಗೆ ತಿರುಗಿಸುತ್ತಾನೆ: ‘ಮೇಲಿನ ಬಣ್ಣ ನೋಡ್ಬೇಡಿ ಸಾರ್, ಭುಜ ನೋಡಿ, ಫಸ್ಟ್ ಗ್ರೇಡು.’ ಚನ್ನರಾಯಪಟ್ಟಣದವನು ಎಳನೀರಿನಿಂದ ಶುರು ಮಾಡುತ್ತಾನೆ. ಕೋಚ್ ಕುಡಿದು ಮುಗಿಸುವವರೆಗೆ ಮಾತಾಡುವುದಿಲ್ಲ, ಮುಗಿಸಿದ ಮೇಲೆ ಬಿಡುವುದಿಲ್ಲ. ‘ನಮ್ಮುಡುಗ ಕೋರ್ಟಲ್ಲಿ ನಿಂತ್ರೆ ಗೊಮ್ಮಟ ಸಾರ್!’ ಶ್ರವಣಬೆಳಗೊಳದ ಗೊಮ್ಮಟ ಸಾವಿರ ವರ್ಷದಿಂದ ನಿಂತಲ್ಲೇ ನಿಂತಿದ್ದಾನೆ. ರೈಡರ್ ಹಾಗೆ ಮೂವತ್ತು ಸೆಕೆಂಡ್ ನಿಂತರೂ ಔಟು ಎಂಬುದು ಚಿಕ್ಕಪ್ಪನ ತಲೆಗೆ ಹೋಗುವುದಿಲ್ಲ. ಹೊಳೆನರಸೀಪುರದವನ ಆಯುಧ ಫೋನು. ಹರದನಹಳ್ಳಿಯಲ್ಲಿ ಹುಟ್ಟಿದ ದೇವೇಗೌಡರು 1996ರಲ್ಲಿ ಪ್ರಧಾನಿಯಾದ ಮೇಲೆ ಆ ತಾಲ್ಲೂಕಿನ ಯಾವ ಚಿಕ್ಕಪ್ಪನಿಗೂ ದೆಹಲಿ ದೂರ ಅನ್ನಿಸಿಲ್ಲ. ‘ಒಂದ್ ಮಾತು ಹೇಳ್ಸೋಣ್ವಾ ಸಾರ್?’ ಎನ್ನುತ್ತಾನೆ. ಯಾರಿಂದ ಯಾರಿಗೆ ಹೇಳಿಸುವುದು ಎಂದು ಮರುಪ್ರಶ್ನೆ ಹಾಕಿದರೆ ಫೋನನ್ನು ಕಿವಿಗಿಟ್ಟುಕೊಂಡು ನೆರಳಿನ ಕಡೆ ನಡೆದುಬಿಡುತ್ತಾನೆ. ಹಾಸನ ಪೇಟೆಯವನು ತಾನೇ ಟ್ರ್ಯಾಕ್‌ಸೂಟ್ ಹಾಕಿಕೊಂಡು ಬರುತ್ತಾನೆ. ಅವನ ಮಾತು ಬೇಡ.

(2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಅಜ್ಜಿಯರೂ ಬರತೊಡಗಿದ್ದಾರೆ. ಅವರಿಂದ ಯಾರಿಗೂ ತೊಂದರೆ ಇಲ್ಲ. ಬುತ್ತಿ ತರುತ್ತಾರೆ, ಸೋತ ತಂಡಕ್ಕೂ ಕೊಡುತ್ತಾರೆ.)

ಕೋಚ್ ಹತ್ತಿರ ಹೇಗೆ ಹೋಗಬೇಕು ಎಂಬ ಪಾಠ ದಾರಿಯಲ್ಲೇ ಶುರುವಾಗಿರುತ್ತದೆ. ‘ಕೋಚ್ ಅಂದ್ರೆ ಹಾಸನಾಂಬೆ ಇದ್ದಂಗೆ ಕಣ್ಲಾ. ವರ್ಷಕ್ಕೊಂದ್ ಸಲ ಬಾಗ್ಲು ತೆಗೆಯೋದು. ಆಗ ನುಗ್ಬೇಕು.’ ಹಾಸನಾಂಬೆಯ ದರ್ಶನಕ್ಕೆ ಸಾವಿರ ರೂಪಾಯಿಯ ಸಾಲು, ಮುನ್ನೂರರ ಸಾಲು, ಧರ್ಮದರ್ಶನದ ಸಾಲು ಎಂದು ಇರುವುದು ಜಿಲ್ಲೆಗೇ ಗೊತ್ತು. ಟ್ರಯಲ್ಸ್‌ನಲ್ಲಿ ಇರುವುದು ಒಂದೇ ಸಾಲು, ಅದೂ ಧರ್ಮದರ್ಶನದ್ದು, ಎಂದರೆ ಚಿಕ್ಕಪ್ಪ ನಂಬುವುದಿಲ್ಲ. ಸಾವಿರದ ಸಾಲು ಎಲ್ಲೋ ಹಿಂಬದಿಯಲ್ಲಿ ಇದ್ದೇ ಇರುತ್ತದೆಂದು ಹುಡುಕುತ್ತಾನೆ. ಕೋಚ್ ಮೂತ್ರಕ್ಕೆ ಎದ್ದರೆ ಅದೇ ಸಾಲು.

ಮುಂದಿನ ಪಾಠಗಳು: ಕಾಲಿಗೆ ಬೀಳಬೇಕು, ಆದರೆ ಬೂಟಿಗೆ ಕೈ ತಾಗಬಾರದು. ಪ್ರಶ್ನೆ ಕೇಳಿದರೆ ‘ಹೂಂ ಸಾರ್’ ಅನ್ನಬೇಕು, ಎದುರು ಪ್ರಶ್ನೆ ಕೇಳಬಾರದು. ಎಷ್ಟು ವರ್ಷದಿಂದ ಆಡ್ತಿದ್ದೀಯ ಅಂದರೆ ಎಂಟು ಅನ್ನಬೇಕು. ‘ಮತ್ತೆ ವಯಸ್ಸು ಹದಿನಾರು ಅಂದ್ರೆ, ಚಿಕ್ಕಪ್ಪ?’ ಎಂದು ಹುಡುಗ ಲೆಕ್ಕ ಹಾಕಿದರೆ, ‘ಹುಟ್ಟಾ ಪ್ಲೇಯರ್ ಅಂತ ಸೇರ್ಸ್ಕ.’

ವಯಸ್ಸಿನ ವಿಷಯ ಬಂತು. ಫೈಲಿನಲ್ಲಿರುವ ಹುಡುಗರಲ್ಲಿ ಅರ್ಧ ಜನ ಜೂನ್ 1ರಂದು ಹುಟ್ಟಿದವರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ ತಾರೀಖು ಅದು. ಮೊದಲೆಲ್ಲ ಅಪ್ಪಂದಿರು ಮಾತ್ರ ಜೂನ್ 1ಕ್ಕೆ ಹುಟ್ಟುತ್ತಿದ್ದರು. ಮಕ್ಕಳು ಆಸ್ಪತ್ರೆಯಲ್ಲಿ ಹುಟ್ಟಿದ ಮೇಲೂ ಕೆಲವರಿಗೆ ಆ ತಾರೀಖು ವಂಶಪಾರಂಪರ್ಯವಾಗಿ ಬಂದಿದೆ. ಈಗ ದೊಡ್ಡ ಕೂಟಗಳಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ನೋಡಿ ವಯಸ್ಸು ಹೇಳುತ್ತಾರೆ. ‘ಮೂಳೆಗೆ ಮೇಷ್ಟ್ರು ಬರ್ಕೊಡಲ್ವಾ?’ ಎಂದು ಒಬ್ಬ ಚಿಕ್ಕಪ್ಪ ನನ್ನನ್ನು ಗಂಭೀರವಾಗಿಯೇ ಕೇಳಿದ್ದ.

ನಮ್ಮ ಭಾವಮೈದುನನ ಮಗಳು ಅಮೆರಿಕದಲ್ಲಿ ಫುಟ್‌ಬಾಲ್ ಆಡುತ್ತಾಳೆ. ಅಲ್ಲಿ ಕಾಲೇಜು ಕೋಚುಗಳು ಮಡಚುವ ಕುರ್ಚಿ ತಂದು ಮೈದಾನದ ಅಂಚಿಗೆ ಸಾಲಾಗಿ ಕೂರುತ್ತಾರಂತೆ. ಆದರೆ ದೊಡ್ಡ ಕಾಲೇಜುಗಳ ಕೋಚು, ಹೆಚ್ಚಿನ ಆಟಗಳಲ್ಲಿ, ಹತ್ತನೇ ಕ್ಲಾಸು ಮುಗಿದ ಮೇಲಿನ ಜೂನ್ 15ರವರೆಗೆ ಮಕ್ಕಳ ಜೊತೆ ಸೇರ್ಪಡೆಯ ಮಾತೆತ್ತುವ ಹಾಗಿಲ್ಲ. ಅದು ಎನ್‌ಸಿಎಎ ಎಂಬ ಸಂಸ್ಥೆಯ ನಿಯಮ. ಪತ್ರ ಬರೆಯಬೇಕಾದದ್ದು ಹುಡುಗಿಯೇ, ಅಪ್ಪ ಅಮ್ಮ ಬರೆದರೆ ಕೋಚಿಗೆ ಹಿಡಿಸುವುದಿಲ್ಲವಂತೆ. ಇದನ್ನು ಟೀ ಕುಡಿಯುವಾಗ ಒಬ್ಬ ಚಿಕ್ಕಪ್ಪನಿಗೆ ಹೇಳಿದೆ. ಆತ ಬಹಳ ಹೊತ್ತು ಯೋಚಿಸಿದ. ‘ಜೂನ್ ಒಂದಕ್ಕೆ ಹುಟ್ಟೋದು, ಹದಿನೈದಕ್ಕೆ ಮಾತಾಡ್ಸೋದು. ನಮ್ಗೂ ಅನುಕೂಲವೇ.’ ಆಮೇಲೆ ವಿಕಾಸ್ ಗೌಡನ ಹೆಸರು ತೆಗೆದ. ಮೈಸೂರಲ್ಲಿ ಹುಟ್ಟಿ, ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಡಿಸ್ಕಸ್ ಎಸೆದು, 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಚಿನ್ನ ಗೆದ್ದವನು. ‘ನೋಡಿ, ಅವ್ರಪ್ಪ ಪಕ್ಕದಲ್ಲೇ ಇದ್ರು.’ ಆ ಅಪ್ಪ ಸ್ವತಃ ಅಥ್ಲೆಟಿಕ್ಸ್ ಕೋಚ್ ಎಂದೆ. ‘ನಾನೂ ಆಗ್ತಿದ್ದೆ,’ ಎಂದು ಮಂಡಿ ಮುಟ್ಟಿಕೊಂಡ.

ನಗುವುದು ಸುಲಭ. ಆದರೆ ಆತನ ಆತುರಕ್ಕೆ ಕಾರಣ ಇದೆ. ಮೂಡುಬಿದಿರೆಯ ಆಳ್ವಾಸ್‌ನಂಥ ಕಡೆ ಆಟಗಾರರನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ ಎಲ್ಲವನ್ನೂ ಉಚಿತವಾಗಿ ಕೊಡುತ್ತಾರೆ. ಮುಂದೆ ಪೊಲೀಸ್ ನೇಮಕದಲ್ಲಿ ಕ್ರೀಡಾಪಟುಗಳಿಗೆಂದು ಒಂದಿಷ್ಟು ಹುದ್ದೆ ಮೀಸಲಿದೆ. ಶುಂಠಿಗೆ ಕೊಳೆರೋಗ, ಆಲೂಗೆಡ್ಡೆಗೆ ಅಂಗಮಾರಿ ಬಿದ್ದ ಮನೆಯಲ್ಲಿ ಒಬ್ಬ ಹುಡುಗ ಘಟ್ಟ ಇಳಿದು ಹಾಸ್ಟೆಲ್ ಸೇರಿದರೆ ಐದು ವರ್ಷದ ಫೀಸು ಉಳಿಯಿತು. ಚಿಕ್ಕಪ್ಪ ಅದನ್ನು ಲೆಕ್ಕ ಹಾಕಿಯೇ ಬಂದಿರುತ್ತಾನೆ. ಲೆಕ್ಕ ಹಾಕಿದ್ದು ಕಾಣದಿರಲಿ ಎಂದು ಇಷ್ಟೆಲ್ಲ ಮಾತು.

ಹೋದ ವರ್ಷ ಚನ್ನರಾಯಪಟ್ಟಣದ ಕಡೆಯ ಒಂದು ಊರಿನಲ್ಲಿ ಹೊನಲು ಬೆಳಕಿನ ಪಂದ್ಯಾವಳಿ. 70 ಕೆ.ಜಿ. ಒಳಗಿನವರಿಗೆ. ತೆಂಗಿನ ತೋಟದ ಪಕ್ಕದಲ್ಲಿ ಅಂಕಣ, ಕಂಬಕ್ಕೊಂದು ಲೈಟು. ಸಂಜೆ ತೂಕ ಹಾಕುವಾಗ ಕೊಣನೂರು ಕಡೆಯ ಹುಡುಗನೊಬ್ಬ ಎಪ್ಪತ್ತರ ಮೇಲೆ ನೂರೈವತ್ತು ಗ್ರಾಂ ಬಂದ. ಪಕ್ಕದಲ್ಲಿ ಫೈಲು ಹಿಡಿದ ಚಿಕ್ಕಪ್ಪ. ಮಧ್ಯಾಹ್ನ ‘ಶಕ್ತಿ ಬೇಕು ಕಣ್ಲಾ’ ಎಂದು ಎರಡು ಮುದ್ದೆ ನುಂಗಿಸಿದವನು ಆತನೇ. ಅಂಗಿ ಬಿಚ್ಚಿಸಿದ. ನೂರು ಗ್ರಾಂ ಉಳಿಯಿತು. ಎರಡು ಸಲ ಉಗುಳಿಸಿದ. ಮುಳ್ಳು ಜಗ್ಗಲಿಲ್ಲ. ಕಡೆಗೆ ಆತನ ಕಣ್ಣು ಹುಡುಗನ ಸೊಂಟದ ಬೆಳ್ಳಿ ಉಡಿದಾರಕ್ಕೆ ಬಿತ್ತು. ‘ಬಿಚ್ಚಲಾ.’ ‘ಅಜ್ಜಿ ಬೈತಾಳೆ ಚಿಕ್ಕಪ್ಪ.’ ಅಜ್ಜಿಗೆ ಫೋನು ಹೋಯಿತು. ಸ್ಪೀಕರಿನಲ್ಲಿ ಅಜ್ಜಿ, ‘ಉಡಿದಾರ ಇಲ್ದೆ ಗಂಡ್ಸು ಬೀದಿಗೆ ನಿಂತಾನೇನೋ ಮೂದೇವಿ’ ಎಂದು ಚಿಕ್ಕಪ್ಪನಿಗೇ ಮಂಗಳಾರತಿ ಎತ್ತಿದಳು. ಹುಡುಗ ಮಾತಾಡದೆ ತೋಟದ ಸುತ್ತ ಓಡಲು ಹೋದ. ಮುಕ್ಕಾಲು ಗಂಟೆ ಬಿಟ್ಟು ಬೆವರು ಸುರಿಸಿಕೊಂಡು ಬಂದು ನಿಂತ. ಎಪ್ಪತ್ತು, ಸರಿಯಾಗಿ. ಉಡಿದಾರ ಸಮೇತ.

ಆ ರಾತ್ರಿ ನನ್ನ ಹಿಂದಿನ ಕುರ್ಚಿಯಲ್ಲಿ ಕರಾವಳಿಯ ಕಾಲೇಜೊಂದರ ಕೋಚ್ ಕೂತಿದ್ದರು. ಮಾಸಿದ ಟೋಪಿ, ಕೈಯಲ್ಲಿ ಬೇಯಿಸಿದ ಕಡಲೆಕಾಯಿ ಪೊಟ್ಟಣ. ಚಿಕ್ಕಪ್ಪ ಯಾರಿಂದಲೋ ಕಲಿತುಕೊಂಡು ಬಂದಿದ್ದ ತುಳುವನ್ನು ನನ್ನ ಕಿವಿಯ ಮೇಲೆ ಬಿಟ್ಟ: ‘ಎಂಚ ಉಲ್ಲರ್ ಸಾರ್?’ ಕೋಚ್ ಕಡಲೆ ಸಿಪ್ಪೆ ಕೆಳಗೆ ಹಾಕಿ, ‘ನಮ್ದು ಮುಧೋಳ ರೀ,’ ಎಂದರು.

ಪಂದ್ಯ ನಡೆಯಿತು. ಕೊಣನೂರಿನ ಹುಡುಗ ಏಳು ಪಾಯಿಂಟ್ ತಂದ, ಮೂರು ಸಲ ಹಿಡಿಸಿಕೊಂಡ, ಮೂರು ಸಲವೂ ಎಡ ಕಾರ್ನರಿನವನಿಗೇ. ಕೋಚ್ ಆ ಏಳನ್ನು ಗಮನಿಸಿದ ಹಾಗೆ ಕಾಣಲಿಲ್ಲ. ಹುಡುಗ ಔಟಾಗಿ ಹೊರಗೆ ಕೂತಾಗ ಮಾತ್ರ ಕಡಲೆಕಾಯಿ ತಿನ್ನುವುದನ್ನು ನಿಲ್ಲಿಸುತ್ತಿದ್ದರು.

ಪಂದ್ಯ ಮುಗಿದ ಮೇಲೆ ಹುಡುಗನನ್ನು ಕರೆದರು. ಬಂದವರು ಇಬ್ಬರು.

‘ಹೆಸರೇನಪ?’

ಚಿಕ್ಕಪ್ಪ ಹೇಳಿದ.

‘ಯಾವ ಕ್ಲಾಸು?’

‘ಎಸ್ಸೆಸ್ಸೆಲ್ಸಿ ಸಾರ್, ಈ ವರ್ಷ.’ ಚಿಕ್ಕಪ್ಪ.

‘ಎಡಗಾಲಿಗೆ ಏನಾಗೇತಿ?’

‘ಏನಿಲ್ಲ ಸಾರ್, ಚೆನ್ನಾಗೈತೆ.’ ಇದೂ ಚಿಕ್ಕಪ್ಪ. ಹುಡುಗ ಬಾಯಿ ತೆರೆದಿದ್ದ. ಅಷ್ಟರಲ್ಲಿ ಫೈಲಿನ ಗುಂಡಿ ಟಪ್ ಎಂದು ಬಿಚ್ಚಿಕೊಂಡಿತು. ಹೋಬಳಿ ಮಟ್ಟದ ಸರ್ಟಿಫಿಕೇಟು, ತಾಲ್ಲೂಕು ಮಟ್ಟದ್ದು, ದಸರಾ ಕ್ರೀಡಾಕೂಟದ್ದು, ಒಂದು ಪ್ರಬಂಧ ಸ್ಪರ್ಧೆಯದು.

ಕೋಚ್ ಎಲ್ಲವನ್ನೂ ತಾಳ್ಮೆಯಿಂದ ತಿರುವಿ ಹಾಕಿ, ‘ಎಲ್ಲಾ ಚಲೋ ಅದಾವ್ರಿ. ಜೆರಾಕ್ಸ್ ಎಲ್ಲೈತಿ? ಎರಡೆರಡು ಕಾಪಿ ಬೇಕಲ್ರಿ. ಈಗ ಬೇಕು,’ ಎಂದರು.

ಚಿಕ್ಕಪ್ಪನ ಮುಖ ಸೂತಕದ ಮನೆಯಂತಾಯಿತು. ರಾತ್ರಿ ಎಂಟೂವರೆ. ಜೆರಾಕ್ಸ್ ಅಂಗಡಿ ಇರುವುದು ನಾಲ್ಕು ಕಿಲೋಮೀಟರ್ ಆಚೆ. ‘ಹತ್ತು ನಿಮಿಷ ಸಾರ್, ಎಲ್ಲೂ ಹೋಗ್ಬೇಡಿ,’ ಎಂದವನೇ ಹೋಗಿದ್ದ ಮಂಡಿಯನ್ನೂ ಮರೆತು ಬೈಕಿನತ್ತ ಓಡಿದ. ಬೈಕಿನ ಸದ್ದು ತೋಟ ದಾಟುವವರೆಗೆ ಕೋಚ್ ಕಾದರು. ಆಮೇಲೆ ಹುಡುಗನಿಗೆ ಕುರ್ಚಿ ಎಳೆದು ಕೊಟ್ಟರು.

‘ಹೊರಗ ಕುಂತಾಗ ಏನು ನೋಡಕತ್ತಿದ್ದಿ?’

‘ಆ ಎಡ ಕಾರ್ನರ್ ಅಣ್ಣನ ಕಾಲು ಸಾ. ಹಿಡಿಯೋಕೆ ಮುಂಚೆ ಬಲಗಾಲ ಹಿಮ್ಮಡಿ ಎತ್ತಾರೆ. ಎರಡನೇ ಸಲ ಔಟಾದಾಗ ಗೊತ್ತಾಯ್ತು.’

‘ಗೊತ್ತಾದ ಮ್ಯಾಲೂ ಮೂರನೇ ಸಲ ಸಿಕ್ಕಿ ಬಿದ್ದಿ?’

‘ಹಿಮ್ಮಡಿ ನೋಡ್ತಾ ನಿಂತ್ಬಿಟ್ಟೆ ಸಾ.’

ಕೋಚ್ ನಕ್ಕರು. ಕಾಲಿನ ವಿಷಯ ಮತ್ತೆ ಕೇಳಿದರು. ದೀಪಾವಳಿಯಲ್ಲಿ ಉಳುಕಿತ್ತು, ಬಿಸಿ ಎಣ್ಣೆ ಹಚ್ಚಿದ್ದಾರೆ, ಓಡುವಾಗ ನೋವಿಲ್ಲ, ತಿರುಗುವಾಗ ಇದೆ ಎಂದ. ಅದನ್ನು ಅವರು ಕಡಲೆಕಾಯಿ ಪೊಟ್ಟಣದ ಕಾಗದದ ಮೇಲೆ ಬರೆದುಕೊಂಡರು. ‘ನೀ ಏನರ ಕೇಳಾದು ಐತೇನು?’

ಎದುರು ಪ್ರಶ್ನೆ ಕೇಳಬಾರದು ಎಂಬ ಪಾಠ ನೆನಪಾಗಿರಬೇಕು, ಹುಡುಗ ರಸ್ತೆಯ ಕಡೆ ಒಂದು ಸಲ ನೋಡಿದ. ‘ಅಲ್ಲಿ ಹಾಸ್ಟೆಲಲ್ಲಿ ಮುದ್ದೆ ಇರ್ತದಾ ಸಾ?’

‘ಇಲ್ಲಪಾ. ಕುಚಲಕ್ಕಿ ಅನ್ನ. ಇಷ್ಟಿಷ್ಟು ದಪ್ಪ.’ ಕೋಚ್ ಬೆರಳಲ್ಲಿ ತೋರಿಸಿದ ಅಳತೆ ಕಡಲೆಕಾಯಿಗಿಂತ ದೊಡ್ಡದಿತ್ತು. ‘ನಾನೂ ರೊಟ್ಟಿ ಬಿಟ್ಟು ಹೋದಾವ. ಆರು ತಿಂಗಳು ಗಂಟಲಾಗ ಇಳೀಲಿಲ್ಲ. ಈಗ ಊರಿಗೆ ಹೋದ್ರ ಅದನ್ನ ಕಟಿಗೊಂಡು ಹೋಗ್ತೀನಿ.’

ಹುಡುಗ ಸ್ವಲ್ಪ ಹೊತ್ತು ಆ ಅನ್ನವನ್ನೇ ಯೋಚಿಸುತ್ತಾ ಕೂತ. ‘ಆರ್ ತಿಂಗ್ಳು ಆದ್ರೆ ಸರಿ ಸಾ,’ ಎಂದ.

ಚಿಕ್ಕಪ್ಪ ಬಂದಾಗ ಒಂಬತ್ತೂಕಾಲು. ಮುಚ್ಚಿದ್ದ ಅಂಗಡಿಯವನನ್ನು ಊಟದಿಂದ ಎಬ್ಬಿಸಿ, ಎರಡೆರಡು ಕೇಳಿದ್ದಕ್ಕೆ ಐದೈದು ಪ್ರತಿ ಮಾಡಿಸಿ, ಪ್ರಬಂಧ ಸ್ಪರ್ಧೆಯದನ್ನು ಬಣ್ಣದಲ್ಲಿ ತೆಗೆಸಿಕೊಂಡು ಬಂದಿದ್ದ. ಕೋಚ್ ಎರಡೂ ಕೈಯಲ್ಲಿ ತೆಗೆದುಕೊಂಡು, ಮೇ ತಿಂಗಳಲ್ಲಿ ಹುಡುಗನನ್ನು ಕಳಿಸಿ, ಕಾಲು ಡಾಕ್ಟರಿಗೆ ತೋರಿಸಿ ಎಂದರು. ‘ಹುಡುಗ ಒಬ್ಬನೇ ಬಂದ್ರೂ ನಡೀತೈತ್ರಿ.’ ಕೊನೆಯ ಮಾತು ಚಿಕ್ಕಪ್ಪನಿಗೆ ಕೇಳಿಸಿದಂತಿರಲಿಲ್ಲ.

ಆತ ಹೋದ ಮೇಲೆ ಕೋಚ್ ಆ ಪ್ರತಿಗಳನ್ನು ನನ್ನ ಟೇಬಲ್ಲಿನ ಮೇಲಿಟ್ಟರು. ‘ಹಿಂದಿನ ಬದಿ ಖಾಲಿ ಐತಿ, ಸ್ಕೋರ್ ಬರೀಲಿಕ್ಕೆ ಬರ್ತಾವ್ರಿ.’ ಮೂರು ಪಂದ್ಯಕ್ಕೆ ಆಯಿತು.

ಹುಡುಗ ಈಗ ಘಟ್ಟದ ಕೆಳಗಿದ್ದಾನೆ. ಈ ವರ್ಷ ಹಾಸನದಲ್ಲಿ ಮತ್ತೆ ಚಿಕ್ಕಪ್ಪ ಕಂಡ. ಜೊತೆಗೆ ಅಕ್ಕನ ಮಗ, ಮತ್ತೆ ಊರಿನ ಇನ್ನೂ ನಾಲ್ಕು ಹುಡುಗರು. ಜಿಲ್ಲೆಯಲ್ಲಿ ಆತನೀಗ ಈ ವಿಷಯದ ತಜ್ಞ. ಗೇಟಿನ ಹತ್ತಿರವೇ ಪಾಠ ನಡೆಯುತ್ತಿತ್ತು: ‘ಆಟ ಆಮೇಲೆ ಕಣ್ರಲಾ. ಕೋಚ್ ಮೊದ್ಲು ನೋಡೋದು ಜೆರಾಕ್ಸ್. ನಮ್ಮಣ್ಣನ ಮಗ ಸೆಲೆಕ್ಟ್ ಆಗಿದ್ದೇ ಅದ್ರಿಂದ.’ ತಲೆಗೆ ಹತ್ತು ಪ್ರತಿ, ಗೆಜೆಟೆಡ್ ಅಧಿಕಾರಿಯ ಸಹಿ ಸಮೇತ, ಐದು ಫೈಲುಗಳು. ಅದೇ ಕೋಚ್ ಅದೇ ಟೋಪಿಯಲ್ಲಿ ಕೂತಿದ್ದರು. ಚಿಕ್ಕಪ್ಪ ಫೈಲುಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಜೋಡಿಸಿ, ಇನ್ನೇನೂ ಬಾಕಿ ಇಲ್ಲ ಎಂಬಂತೆ ಕೈಕಟ್ಟಿ ನಿಂತ. ಹುಡುಗರು ಹಿಂದೆ ಸಾಲಾಗಿ ನಿಂತರು.

ಕೋಚ್ ಮೇಲಿನ ಫೈಲು ತೆರೆದು ನೋಡಿ, ನನ್ನ ಮುಖ ನೋಡಿ, ಗಡ್ಡ ಕೆರೆದುಕೊಂಡರು.

‘ಎಲ್ಲಾ ಸರಿ ಐತ್ರಿ. ನೋಟರಿ ಮಾಡ್ಸೀರೇನು?’